ಮೂರೂವರೆಯ ಪ್ರೊಸೆಸರೂ ನನ್ನ ಸಂಶಯವೂ

ನಾನು ಮಾಡಿದ್ದು ಕೆಟ್ಟರೆ ಅದಕ್ಕೆ ಸಾಮಾನು ಕೊಟ್ಟವರನ್ನು ಬಯ್ಯುವುದು ನನ್ನ ಹಳೆಯ ಅಭ್ಯಾಸ. ಇಡ್ಲಿ ಗಟ್ಟಿಯಾದರೆ ಅಂಗಡಿಯವನ ಉದ್ದು ಸರಿಯಿಲ್ಲ. ಹತ್ತನೆಯ ತರಗತಿಯ ಮಕ್ಕಳಿಗೆ ವಿದ್ಯುತ್ತಿನ ಪಾಠ ತಲೆಗೆ ಹತ್ತದಿದ್ದರೆ ಒಂಬತ್ತರಲ್ಲಿ ಕಲಿಸಿದವರು ಸರಿಯಿಲ್ಲ. ಒಂಬತ್ತರಲ್ಲಿ ಕಲಿಸಿದವಳೂ ನಾನೇ ಎಂಬುದು ಇವರು, ಅಂದರೆ ನನ್ನ ಗಂಡ, ನೆನಪಿಸಿದ ಮೇಲೆಯೇ ನನಗೆ ನೆನಪಾಗುತ್ತಿತ್ತು. ಈ ಗುಣವನ್ನು ಇಟ್ಟುಕೊಂಡು ಇಷ್ಟು ವರ್ಷ ಸಂಸಾರ, ಶಾಲೆ ಎರಡನ್ನೂ ನಡೆಸಿದ್ದೇನೆ. ಆದರೆ ಹೋದ ಬೇಸಗೆಯಲ್ಲಿ ಇದೇ ಗುಣದಿಂದ ನಲುವತ್ತು ವರ್ಷದ ಒಬ್ಬ ಸ್ನೇಹಿತನನ್ನು ಕಳೆದುಕೊಳ್ಳುವುದರಲ್ಲಿದ್ದೆ.

ಕೇರಳಕ್ಕೆ ಸೇರಿದ ಕಾಸರಗೋಡಿನ ಕಡೆಯ ನಮ್ಮ ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ನಾನು ಭೌತವಿಜ್ಞಾನದ ಟೀಚರ್ ಆಗಿದ್ದೆ. ಕಂಪ್ಯೂಟರ್ ಲ್ಯಾಬಿನ ಬೀಗದ ಕೈಯೂ ನನ್ನ ಸೊಂಟದಲ್ಲೇ ಇರುತ್ತಿತ್ತು. ಐವತ್ತಾರಕ್ಕೆ ನಿವೃತ್ತಳಾಗಿ ಅಡೂರಿನ ಮನೆಯಲ್ಲಿ ಕೂತ ಮೇಲೆ ಒಂದು ಹುರುಪು ಬಂತು. ನಮ್ಮ ಮಕ್ಕಳಿಗೆ ಸಿಗುವ ವೀಡಿಯೊ ಪಾಠಗಳಲ್ಲಿ ಹೆಚ್ಚಿನವು ಮಲಯಾಳದಲ್ಲಿ. ಅದನ್ನೇ ಕನ್ನಡದಲ್ಲಿ ನಾನು ಹೇಳಿ, ಚಿತ್ರ ಸೇರಿಸಿ, ವೀಡಿಯೊ ಮಾಡಿ ಹಂಚಿದರೆ ಹೇಗೆ? ಹಳೆಯ ಲ್ಯಾಪ್‌ಟಾಪು ಈ ಯೋಜನೆಯನ್ನು ಕೇಳಿಯೇ ಬಿಸಿಯಾಯಿತು. ಹೊಸದೊಂದು ಕಂಪ್ಯೂಟರ್ ಬೇಕು, ಅದನ್ನು ನಾನೇ ಜೋಡಿಸಬೇಕು ಎಂದು ತೀರ್ಮಾನಿಸಿದೆ.

ಬಿಡಿಭಾಗಗಳನ್ನು ಕೊಟ್ಟವನು ಹಮೀದ್. ಕಾಸರಗೋಡಿನ ಹೊಸ ಬಸ್ ಸ್ಟ್ಯಾಂಡಿನ ಹತ್ತಿರ ಅವನದೊಂದು ಕಂಪ್ಯೂಟರ್ ಅಂಗಡಿ. ಹಮೀದ್, ಬದಿಯಡ್ಕದ ಶಾರದೆ, ನಾನು, ಮೂವರೂ ಒಂದೇ ತರಗತಿಯಲ್ಲಿ ಕಲಿತವರು. ಶಾಲೆಗೆ ಮೊದಲ ಬಾರಿ ಕಂಪ್ಯೂಟರುಗಳು ಬಂದು ನಾನು ಅವನ್ನು ಮುಟ್ಟಲು ಹೆದರುತ್ತಿದ್ದಾಗ, ಒಂದು ವಾರ ಅಂಗಡಿಯನ್ನು ಬೇರೆಯವರಿಗೆ ಬಿಟ್ಟು ಬಂದು, ಮುಚ್ಚಳ ಬಿಚ್ಚಿ ಒಂದೊಂದನ್ನೇ ತೋರಿಸಿಕೊಟ್ಟವನು ಅವನು. ಈ ವಿಷಯದಲ್ಲಿ ನನಗೆ ಗೊತ್ತಿರುವುದೆಲ್ಲ ಅವನು ಕಲಿಸಿದ್ದೇ.

"ಟೀಚರೇ, ನಾನೇ ಜೋಡಿಸಿ ಕೊಡ್ತೇನೆ, ಒಂದು ಗಂಟೆಯ ಕೆಲಸ" ಎಂದ. ಕ್ಲಾಸ್‌ಮೇಟ್ ಆದರೂ ಅವನು ನನ್ನನ್ನು ಟೀಚರೇ ಎಂದೇ ಕರೆಯುವುದು. ಅದರಲ್ಲಿ ಗೌರವ ಎಷ್ಟು, ತಮಾಷೆ ಎಷ್ಟು ಎಂದು ನಾನು ಈವರೆಗೆ ಕೇಳಿಲ್ಲ. "ಬೇಡ, ನನಗೆ ಬರ್ತದೆ" ಎಂದು ಪೆಟ್ಟಿಗೆಗಳನ್ನು ಬಸ್ಸಿಗೆ ಏರಿಸಿದೆ.

ಜಗಲಿಯಲ್ಲಿ ಚಾಪೆ ಹಾಸಿ, ಕೈಬಳೆ ತೆಗೆದಿಟ್ಟು, ಸ್ಕ್ರೂಡ್ರೈವರ್ ಹಿಡಿದು ಕೂತೆ. ನೆಲದ ಮೇಲೆ ತಂತಿಗಳನ್ನು ಹರಡಿಕೊಂಡ ಹೆಂಗಸನ್ನು ನೋಡಿ ಹಾಲಿನವಳು ಅಂಗಳದಲ್ಲೇ ಹಾಲು ಇಟ್ಟು ಹೋದಳು. ಸಂಜೆಯ ಹೊತ್ತಿಗೆ ಕಂಪ್ಯೂಟರ್ ಎದ್ದು ನಿಂತಿತು. ಫ್ಯಾನು ತಿರುಗಿತು, ಪರದೆ ಬೆಳಗಿತು. ಇವರು ಕೂಡ ಪೇಪರ್ ಕೆಳಗಿಟ್ಟು "ಪರವಾಗಿಲ್ಲ" ಎಂದರು. ಮೂವತ್ತು ವರ್ಷದ ದಾಂಪತ್ಯದಲ್ಲಿ ಅದು ದೊಡ್ಡ ಪ್ರಶಸ್ತಿಯೇ.

ಆಮೇಲೆ ವೇಗ ಎಷ್ಟೆಂದು ನೋಡಿದೆ. ಪ್ರೊಸೆಸರಿನ ಪೆಟ್ಟಿಗೆಯ ಮೇಲೆ ಮೂರೂವರೆ ಗಿಗಾಹರ್ಟ್ಸ್ ಎಂದು ಬರೆದಿತ್ತು. ಪರದೆ ಸೊನ್ನೆ ಪಾಯಿಂಟ್ ಎಂಟು ಎಂದು ತೋರಿಸುತ್ತಿತ್ತು.

ಗಿಗಾಹರ್ಟ್ಸ್ ಎಂದರೆ ಹೆದರಬೇಡಿ. ಪ್ರೊಸೆಸರಿನೊಳಗೆ ಒಂದು ತಾಳ ನಡೆಯುತ್ತಲೇ ಇರುತ್ತದೆ, ಒಂದೊಂದು ಪೆಟ್ಟಿಗೂ ಒಂದಿಷ್ಟು ಕೆಲಸ. ಮೂರೂವರೆ ಎಂದರೆ ಒಂದು ಸೆಕೆಂಡಿಗೆ ಮುನ್ನೂರೈವತ್ತು ಕೋಟಿ ಪೆಟ್ಟು. ಕೆಲಸವಿಲ್ಲದಾಗ ಅದು ತಾನಾಗಿ ತಾಳವನ್ನು ಇಳಿಸಿ ಕರೆಂಟು ಉಳಿಸುತ್ತದೆ, ಕೆಲಸ ಬಂದೊಡನೆ ಏರಿಸುತ್ತದೆ. ಇದು ನನಗೆ ಗೊತ್ತಿತ್ತು. ಹಾಗಾದರೆ ಕೆಲಸ ಕೊಟ್ಟು ನೋಡೋಣವೆಂದು ಒಂದು ವೀಡಿಯೊ ಹಾಕಿದೆ. ವೇಗ ಗಡಗಡನೆ ಮೂರೂವರೆಗೆ ಏರಿತು. ನಾನು ಚಾ ಕುಡಿಯಲು ಲೋಟ ಎತ್ತುವಷ್ಟರಲ್ಲಿ ಪುನಃ ಸೊನ್ನೆ ಪಾಯಿಂಟ್ ಎಂಟಕ್ಕೆ ಇಳಿದು ಅಲ್ಲೇ ಕೂತಿತು. ಕೆಲಸವಿಲ್ಲದಾಗ ವಿಶ್ರಾಂತಿ ತೆಗೆದುಕೊಳ್ಳುವ ಯಂತ್ರವನ್ನು ಕೇಳಿದ್ದೆ. ಕೆಲಸ ಕಂಡೊಡನೆ ನಿಧಾನವಾಗುವುದನ್ನು ಕಚೇರಿಗಳಲ್ಲಿ ಮಾತ್ರ ಕಂಡಿದ್ದೆ.

ಮೂರು ದಿನ ಮದ್ದು ಮಾಡಿದೆ. ಕರೆಂಟು ಉಳಿಸುವ ಸೆಟ್ಟಿಂಗನ್ನು ತೆಗೆದೆ. ಅಂತರ್ಜಾಲದಲ್ಲಿ ಯಾರೋ ಹೇಳಿದರೆಂದು ಬೋರ್ಡಿನಲ್ಲಿದ್ದ ನಾಣ್ಯದಂಥ ಬ್ಯಾಟರಿಯನ್ನು ಕಿತ್ತು ಪುನಃ ಹಾಕಿದೆ; ಗಡಿಯಾರ ಹಿಂದಕ್ಕೆ ಹೋಯಿತು, ವೇಗ ಮುಂದಕ್ಕೆ ಬರಲಿಲ್ಲ. ಪ್ರೊಸೆಸರಿನ ಬಿಸಿ ತೊಂಬತ್ತೈದು ಡಿಗ್ರಿ ಎಂದು ಪರದೆಯ ಒಂದು ಮೂಲೆಯಲ್ಲಿ ಬರುತ್ತಿತ್ತು. ಮೇ ತಿಂಗಳ ಸೆಕೆಯಲ್ಲಿ ನಾವೇ ಬೇಯುತ್ತಿರುವಾಗ ಅದು ಬೇಯುವುದರಲ್ಲಿ ಏನು ವಿಶೇಷ ಎಂದುಕೊಂಡು, ಮುಚ್ಚಳ ತೆಗೆದು ಟೇಬಲ್ ಫ್ಯಾನನ್ನು ಅದರ ಕಡೆಗೆ ತಿರುಗಿಸಿದೆ. ಭೌತವಿಜ್ಞಾನ ಕಲಿಸಿದವಳು ನಾನು. ಇದನ್ನು ನನ್ನ ಹಳೆಯ ವಿದ್ಯಾರ್ಥಿಗಳಿಗೆ ಹೇಳಬೇಡಿ.

"ನೀನು ಜೋಡಿಸಿದ್ದು ಸರಿ ಉಂಟಾ ಅಂತ ಒಮ್ಮೆ ನೋಡು" ಎಂದರು ಇವರು.

ಅಷ್ಟು ಸಾಕಾಯಿತು. ನಾನು ಜೋಡಿಸಿದ್ದು ಸರಿಯಾಗಿಯೇ ಇದ್ದ ಮೇಲೆ ತಪ್ಪು ಸಾಮಾನಿನದೇ ಆಗಬೇಕು, ಸಾಮಾನಿನದು ಎಂದರೆ ಕೊಟ್ಟವನದು. ಈ ತರ್ಕ ಮುಗಿಯಲು ನನಗೆ ಅರ್ಧ ನಿಮಿಷವೂ ಹಿಡಿಯಲಿಲ್ಲ. ಶಾರದೆಗೆ ಫೋನ್ ಮಾಡಿ, "ಹಮೀದ್ ಹಳೆ ಮಾಲನ್ನು ಹೊಸ ಪೆಟ್ಟಿಗೆಯಲ್ಲಿ ಹಾಕಿ ಕೊಟ್ಟಿದ್ದಾನೆ ಅಂತ ಕಾಣ್ತದೆ. ನಾಳೆ ಹೋಗಿ ಮುಖಕ್ಕೇ ಕೇಳ್ತೇನೆ" ಎಂದೆ. ಶಾರದೆ "ಹೌದಾ" ಎಂದಳು. ನಾನು ನಿರೀಕ್ಷಿಸಿದಷ್ಟು ಉರಿ ಅವಳಿಗೆ ಹತ್ತಲಿಲ್ಲ.

ಮರುದಿನ ಕಂಪ್ಯೂಟರಿನ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಒಂದೂವರೆ ಗಂಟೆ ಬಸ್ಸಿನಲ್ಲಿ ಕೂತೆ. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ತಯಾರು ಮಾಡುತ್ತಿದ್ದೆ. ಮುಳ್ಳೇರಿಯದವರೆಗೆ ಕೋಪವಿತ್ತು. ಅಲ್ಲಿಂದ ಮುಂದೆ ಬೇರೆಯೇ ಯೋಚನೆ ಶುರುವಾಯಿತು. ಇದನ್ನು ಹೇಳಿದ ಮೇಲೆ ನಾಳೆಯಿಂದ ಈ ಪೇಟೆಗೆ ಬಂದರೆ ಅವನ ಅಂಗಡಿಯ ಎದುರಿನಿಂದ ಹೇಗೆ ನಡೆಯುವುದು? ಹಮೀದ್ ಮೋಸ ಮಾಡಿದ್ದಾನೆಂದು ತಿಳಿದರೂ ನಷ್ಟ, ಮಾಡಿಲ್ಲವೆಂದು ತಿಳಿದರೂ ನಷ್ಟ. ಎರಡರಲ್ಲಿ ಯಾವುದಾಗಲಿ ಎಂದು ದೇವರಲ್ಲಿ ಬೇಡುವುದೆಂದೂ ತಿಳಿಯಲಿಲ್ಲ.

ಹಮೀದ್ ಪೆಟ್ಟಿಗೆಯನ್ನು ನನ್ನ ಕೈಯಿಂದ ಇಳಿಸಿಕೊಂಡ. ನಾನು ತಯಾರಿಸಿದ ಭಾಷಣದಲ್ಲಿ "ಹಮೀದ್" ಎಂಬ ಮೊದಲ ಪದ ಮಾತ್ರ ಹೊರಗೆ ಬಂತು. "ಕೂತ್ಕೋ ಟೀಚರೇ" ಎಂದು, ಸ್ಕ್ರೂಗಳನ್ನು ಬಿಚ್ಚಿ, ಪ್ರೊಸೆಸರಿನ ಮೇಲೆ ಕೂರಿಸಿದ್ದ ಕೂಲರನ್ನು ಎತ್ತಿದ. ಕೂಲರ್ ಎಂದರೆ ಪ್ರೊಸೆಸರಿನ ಬಿಸಿಯನ್ನು ಎಳೆದುಕೊಂಡು ಹೊರಗೆ ಹಾಕುವ, ಫ್ಯಾನು ಇರುವ ಲೋಹದ ದಿಮ್ಮಿ. ಅದರ ತಳಭಾಗ ಪ್ರೊಸೆಸರನ್ನು ಮುಟ್ಟಿಕೊಂಡಿರಬೇಕು. ನನ್ನದರಲ್ಲಿ ಎರಡರ ನಡುವೆ ಒಂದು ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಇತ್ತು. ಹಮೀದ್ ಅದನ್ನು ಎರಡು ಬೆರಳಲ್ಲಿ ಸುಲಿದು ಬೆಳಕಿಗೆ ಹಿಡಿದ. ಕೂರಿಸುವ ಮೊದಲು ಇದನ್ನು ತೆಗೆಯಿರಿ ಎಂದು ಅದರ ಮೇಲೆ ಕೆಂಪು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿತ್ತು. ಪ್ರೊಸೆಸರ್ ಬೆಂದು ಸಾಯಬಾರದೆಂದು ತಾನೇ ನಿಧಾನವಾಗುತ್ತಿತ್ತು, ಅಷ್ಟೆ.

ಆ ಹಾಳೆಯನ್ನು ನಾನು ನೋಡದೆ ಬಿಟ್ಟದ್ದಲ್ಲ. ನೋಡಿ, ಬಟ್ಟೆಯಲ್ಲಿ ಒರೆಸಿ, ಮೂಲೆ ಎದ್ದಿದ್ದನ್ನು ಉಗುರಿನಿಂದ ಒತ್ತಿ ಅಂಟಿಸಿ ಕೂರಿಸಿದ್ದು. ನಮ್ಮ ಕಡೆ ಹೊಸ ವಸ್ತುವಿನ ಪ್ಲಾಸ್ಟಿಕ್ ತೆಗೆಯುವವರು ಯಾರು? ಮಳೆಗಾಲದ ತಂಡಿಗೆ ಎಲ್ಲಕ್ಕೂ ಬೂಸ್ಟು ಹಿಡಿಯುವ ಊರು ಇದು. ಟಿವಿಯ ರಿಮೋಟಿಗೆ ಪ್ಲಾಸ್ಟಿಕ್, ಕಾರಿನ ಸೀಟಿಗೆ ಪ್ಲಾಸ್ಟಿಕ್, ರೇಷನ್ ಕಾರ್ಡಿಗೆ ಲ್ಯಾಮಿನೇಷನ್, ಅದರ ಮೇಲೊಂದು ಪ್ಲಾಸ್ಟಿಕ್ ಚೀಲ. ನಮ್ಮ ಚಿಕ್ಕಮ್ಮನ ಮನೆಗೆ ಗಲ್ಫಿನಿಂದ ಬಂದ ಗೋಡೆ ಗಡಿಯಾರದ ಗಾಜಿನ ಮೇಲಿನ ಹಾಳೆ ಹಳದಿಯಾಗಿ, ಗಂಟೆ ಎಷ್ಟೆಂದು ಹತ್ತಿರ ಹೋಗಿ ನೋಡಬೇಕಾಗಿತ್ತು. ಆದರೂ ಅದನ್ನು ಕೀಳುವ ಧೈರ್ಯ ಯಾರಿಗೂ ಬರಲಿಲ್ಲ. ಕಿತ್ತರೆ ಗಡಿಯಾರ ಆ ದಿನದಿಂದ ಹಳತು. ಇಂಥ ಮನೆತನದಲ್ಲಿ ಹುಟ್ಟಿದವಳು ಕೂಲರಿನ ಹಾಳೆಯನ್ನು ಕೀಳುವುದುಂಟೇ?

ಹಮೀದ್ ತಳವನ್ನು ಒರೆಸಿ, ಬಿಸಿಯನ್ನು ದಾಟಿಸುವ ಹೊಸ ಪೇಸ್ಟ್ ಹಚ್ಚಿ, ಪುನಃ ಕೂರಿಸಿದ. ವೇಗ ಮೂರೂವರೆಗೆ ಏರಿ ಅಲ್ಲಿಯೇ ನಿಂತಿತು. ಈ ನಡುವೆ ಅವನು ಎರಡು ಸಲ ಕಪಾಟಿನ ಕಡೆಗೆ ತಿರುಗಿ ಏನನ್ನೋ ಹುಡುಕಿದ, ಏನನ್ನೂ ತೆಗೆದುಕೊಳ್ಳದೆ ಪುನಃ ಬಂದ.

"ಹಮೀದ್, ನಾನು ನಿನ್ನ ಮೇಲೆ ಸಂಶಯಪಟ್ಟೆ" ಎಂದೆ. ನಾಚಿಕೆಯಿಂದ ಕಣ್ಣಲ್ಲಿ ನೀರು ಬಂದಿತ್ತು.

"ಗೊತ್ತುಂಟು. ನೀನು ಬಸ್ಸಿಳಿದು ಬರುವ ನಡಿಗೆಯಲ್ಲೇ ಗೊತ್ತಾಯಿತು. ಚಾ ಕುಡಿ."

ಮೇಜಿನ ಮೇಲೆ ಸೀಲು ಒಡೆಯದ ಇನ್ನೊಂದು ಪ್ರೊಸೆಸರ್ ಇತ್ತು, ಅದೇ ಮೂರೂವರೆಯದು. ಅದಕ್ಕೆ ಅಂಟಿಸಿದ ಚೀಟಿಯಲ್ಲಿ "ಟೀಚರ್" ಎಂದು ಬರೆದಿತ್ತು. ಇದು ಎಂತಕ್ಕೆ ಎಂದು ಕೇಳಿದೆ.

"ನಿನ್ನೆ ಶಾರದೆ ಫೋನ್ ಮಾಡಿದ್ದಳು. ಕೆಲವು ಸಲ ಮಾಲೂ ಕೆಟ್ಟಿರ್ತದೆ ಅಲ್ವಾ? ಅಡೂರಿನಿಂದ ಬಂದವಳನ್ನು ಬರಿಗೈಯಲ್ಲಿ ಕಳಿಸುವುದು ಬೇಡ ಅಂತ ತೆಗೆದಿಟ್ಟೆ."

ಯಂತ್ರ ಕೆಟ್ಟಾಗ ಅವನು ಮೊದಲು ಸಂಶಯಪಟ್ಟದ್ದು ತನ್ನ ಮಾಲನ್ನು. ನಾನು ಸಂಶಯಪಟ್ಟದ್ದು ಅವನನ್ನು.

ಆದರೆ ಹುಟ್ಟುಗುಣ ಅಷ್ಟು ಬೇಗ ಬಿಟ್ಟೀತೇ? ಹಿಂದಿರುಗುವ ಬಸ್ಸಿನಲ್ಲಿ ಕೂತೊಡನೆ ಎಲ್ಲ ತಪ್ಪೂ ಶಾರದೆಯದಾಗಿ ಕಂಡಿತು. ನಾನು ಗುಟ್ಟಿನಲ್ಲಿ ಹೇಳಿದ್ದನ್ನು ಅವಳು ಅವನಿಗೆ ಮುಟ್ಟಿಸಿದ್ದಾಳಲ್ಲ. ಫೋನ್ ಮಾಡಿ ದಬಾಯಿಸಿದೆ.

"ನೀನು ಹೇಳಿದ್ದನ್ನು ನಾನೆಂತಕ್ಕೆ ಅವನಿಗೆ ಹೇಳ್ಲಿ ಮಾರಾಯ್ತಿ" ಎಂದಳು ಶಾರದೆ. "ಇವಳು ಎಂತದೋ ಎಡವಟ್ಟು ಮಾಡಿಕೊಂಡಿದ್ದಾಳೆ, ನಾಳೆ ತಕೊಂಡು ಬರ್ತಾಳೆ, ನೀನು ಮಾತ್ರ ನಗಾಡಬೇಡ ಅಂತ ಹೇಳಿದೆ. ಅಷ್ಟೆ."

ಅವನು ಎರಡು ಸಲ ಕಪಾಟಿನ ಕಡೆಗೆ ತಿರುಗಿದ್ದು ನಗು ಮುಚ್ಚಿಕೊಳ್ಳಲು ಎಂದು ಆಗ ತಿಳಿಯಿತು. ಕೂಡಲೇ ಅವನಿಗೆ ಫೋನ್ ಮಾಡಿ, "ಹಮೀದ್, ಶಾರದೆ ಹೇಳಿದಳು. ಸಾಕು, ಇನ್ನು ನಗಾಡು ಮಾರಾಯ" ಎಂದೆ.

ಅವನು ನಗಲು ಶುರು ಮಾಡಿದ. ಬಸ್ಸು ಚೆರ್ಕಳ ದಾಟಿದರೂ ಅವನು ನಿಲ್ಲಿಸಿರಲಿಲ್ಲ, ನಾನೂ ಫೋನನ್ನು ಕಿವಿಯಿಂದ ತೆಗೆಯಲಿಲ್ಲ.