ಹೆಡ್‌ಲೈಟ್ ಕೂರಿಸುತ್ತಿದ್ದ ನಿಂಗಣ್ಣ

ಗಾಡಿ ರಿಪೇರಿಯಾದ ಮೇಲೆ ಬೇರೆ ಮೆಕ್ಯಾನಿಕ್‌ಗಳು ಕಿಕ್ ಹೊಡೆದು ಇಂಜಿನ್ನಿನ ಸದ್ದು ಕೇಳುತ್ತಿದ್ದರು. ಕಣಕಟ್ಟೆ ಬಸ್‌ಸ್ಟ್ಯಾಂಡಿನ ಪಕ್ಕದ ನಿಂಗಣ್ಣ ಮಾತ್ರ ಗಾಡಿಗೆ ಬೆನ್ನು ಹಾಕಿ ನಿಂತು ಎದುರಿನ ಗೋಡೆ ನೋಡುತ್ತಿದ್ದ. ಅದು ಹಳೇ ಗೋದಾಮಿನ ಗೋಡೆ. ಅದರ ಮೇಲೆ ಸೊಂಟದೆತ್ತರಕ್ಕೆ ಅವನೇ ಇದ್ದಿಲಿನಲ್ಲಿ ಎಳೆದ ಒಂದು ಗೆರೆ. ಹೊತ್ತು ಮುಳುಗಿದ ಮೇಲೆ ಇಂಜಿನ್ ಓಡಿಸಿ ಹೆಡ್‌ಲೈಟ್ ಹಾಕಿಸುತ್ತಿದ್ದ. ಬೆಳಕು ಆ ಗೆರೆಯ ಕೆಳಗೆ ಬಿದ್ದರೆ ಗಾಡಿ ಕೊಡುತ್ತಿದ್ದ, ಇಲ್ಲದಿದ್ದರೆ ಇಲ್ಲ.

ಇದರಲ್ಲಿ ಅವನದೊಂದು ಕಟ್ಟಳೆಯಿತ್ತು. ಗಾಡಿಯ ಹಿಂದೆ ದಿನಾ ಯಾರು ಕೂರುತ್ತಾರೋ ಅವರೂ ಬಂದು ಕೂರಬೇಕು. ಹಿಂದೆ ಭಾರ ಬಿದ್ದರೆ ಗಾಡಿಯ ಮೂತಿ ಮೇಲೇಳುತ್ತದೆ, ಬೆಳಕು ರಸ್ತೆ ಬಿಟ್ಟುಹೋಗುತ್ತದೆ. "ಒಬ್ನೇ ಕೂತಾಗ ರೋಡ್ ನೋಡ್ತೈತೆ. ಹೆಂಡ್ತಿ ಕೂತ್ರೆ ತೆಂಗಿನ ಗರಿ ನೋಡ್ತೈತೆ" ಎನ್ನುತ್ತಿದ್ದ. ಒಮ್ಮೆ ಹಾಲಿನ ಡೈರಿಯ ಶಿವಣ್ಣ ಹೆಂಡತಿಯನ್ನು ಕರೆತಂದ. ಬಸ್ಸಿಗೆ ಕಾದವರೆಲ್ಲ ನೋಡುತ್ತಿರುವಾಗ ನಿಂತ ಗಾಡಿಯ ಮೇಲೆ ಕೂತ ಆಕೆಗೆ ರೇಗಿಹೋಯಿತು.

"ಎಲ್ಲಿಗೂ ಹೋಗ್ದೆ ಎಷ್ಟೊತ್ತು ಕೂರಾದು ನಿಂಗಣ್ಣ? ನನ್ನೇನು ತೂಕಕ್ಕೆ ತಂದವ್ರಾ?"

"ತೂಕ ನಾನು ಯಾರಿಗೂ ಹೇಳಲ್ಲ ಕಣವ್ವ. ಈ ಲೈಟಿನ ಸ್ಕ್ರೂ ಒಂದಕ್ಕೆ ಗೊತ್ತಾದ್ರೆ ಸಾಕು."

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ತೊಂಬತ್ತರ ದಶಕದ ನಡುವಿನ ಮಾತು. ಬೆಳಗ್ಗೆ ಅರಸೀಕೆರೆಯಲ್ಲಿ ಬಿ.ಎ. ಕ್ಲಾಸು, ಮಧ್ಯಾಹ್ನದಿಂದ ಏಳು ಗಂಟೆಯವರೆಗೆ ಅಲ್ಲೇ ಕೊಬ್ಬರಿ ಮಂಡಿಯಲ್ಲಿ ಕೆಲಸ. ಆ ಕೆಲಸವಿಲ್ಲದಿದ್ದರೆ ಓದಿಲ್ಲ. ಅಷ್ಟು ಹೊತ್ತಿಗೆ ನಮ್ಮೂರು ಕಣಕಟ್ಟೆಯ ಕೊನೆಯ ಬಸ್ಸು ಹೋಗಿರುತ್ತಿತ್ತು. ಸೋದರಮಾವ ಕೊಟ್ಟ ಹಳೇ ಗಾಡಿಯಲ್ಲೇ ಬರಬೇಕು. ಅದರ ದೀಪವೋ, ಇಂಜಿನ್ ಜೋರಾಗಿ ಓಡಿದರೆ ಉರಿಯುವುದು, ಗುಂಡಿಗೆಂದು ನಿಧಾನಿಸಿದರೆ ಗುಂಡಿಯ ಹತ್ತಿರವೇ ಕೆಂಪಗಾಗುವುದು. ಅರಸೀಕೆರೆಯಲ್ಲಿ ದೊಡ್ಡ ಬಲ್ಬು ಹಾಕಿಸಿದೆ. ಇನ್ನೂ ಮಂಕಾಯಿತು.

ನಿಂಗಣ್ಣ ಅದನ್ನು ಕಿತ್ತು ನನ್ನ ಕೈಗಿಟ್ಟ. "ಬಲ್ಬು ದೊಡ್ಡದಾದ್ರೆ ಬೆಳಕು ದೊಡ್ಡದಾಗಲ್ಲ ಕಣೋ. ಈ ಗಾಡಿ ಕೊಡೋ ಕರೆಂಟೇ ಇಷ್ಟು. ಇರಾದನ್ನ ರೋಡಿಗೆ ಬೀಳಸ್ಬೇಕು." ತುಕ್ಕು ಹಿಡಿದ ವೈರಿನ ತುದಿಗಳನ್ನು ಉಜ್ಜಿದ, ಬಲ್ಬಿನ ಹಿಂದೆ ಬೆಳಕು ಚಿಮ್ಮಿಸುವ, ಮಾಸಿದ ಬಟ್ಟಲನ್ನು ಬದಲಿಸಿದ. ಆಮೇಲೆ ಕೇಳಿದ, "ಹಿಂದೆ ಯಾರು ಕೂರ್ತಾರೆ?"

"ಯಾರೂ ಇಲ್ಲಣ್ಣ, ನಾನೊಬ್ನೇ."

ಸುಳ್ಳು ಹೇಳಿದ್ದೆ. ವಾರಕ್ಕೆ ಎರಡು ದಿನ ಎಮ್ಮೆಗೆಂದು ಹಿಂಡಿಯ ಮೂಟೆಯನ್ನು ಹಿಂದೆ ಕಟ್ಟಿಕೊಂಡು ಬರುತ್ತಿದ್ದೆ. ಡಿಗ್ರಿ ಓದುವವನು ಹಿಂಡಿ ಹೊರುತ್ತಾನೆಂದು ಬಸ್‌ಸ್ಟ್ಯಾಂಡಿನಲ್ಲಿ ಹೇಳಿಕೊಳ್ಳಲು ನಾಚಿಕೆ. ನಿಂಗಣ್ಣ ಒಬ್ಬನ ಭಾರಕ್ಕೆ ದೀಪ ಕೂರಿಸಿದ.

ಮೂರನೆಯ ದಿನ ಮೂಟೆ ಕಟ್ಟಿಕೊಂಡು ಹೊರಟೆ. ಬೆಳಕೆಲ್ಲ ತೆಂಗಿನ ತಲೆಗಳ ಮೇಲಿತ್ತು. ಊರಿನ ಹತ್ತಿರ ರಸ್ತೆ ಬದಿಗೆ ಸುರಿದಿದ್ದ ಜಲ್ಲಿಯ ರಾಶಿ ನನಗೆ ಕಂಡದ್ದು ಅದರ ಮೇಲೆ ಬಿದ್ದ ಮೇಲೆ. ಮೊಣಕೈ ಹರಿಯಿತು, ಮುಂದಿನ ಹಲ್ಲು ಅರ್ಧ ಹೋಯಿತು. ಅವ್ವ ಗಾಡಿಯ ಬೀಗದಕೈಯನ್ನು ಸೆರಗಿಗೆ ಕಟ್ಟಿಕೊಂಡಳು. "ಓದಿದ್ದು ಸಾಕು. ನಂಗಿರಾದು ನೀನೊಬ್ಬ." ಕೊನೆಯ ವರ್ಷದ ಪರೀಕ್ಷೆಗೆ ಎರಡು ತಿಂಗಳಿತ್ತು.

ಸುದ್ದಿ ಕೇಳಿ ನಿಂಗಣ್ಣ ಮನೆಗೇ ಬಂದ. ನನ್ನ ಮುಖ ನೋಡಲಿಲ್ಲ. ಹಿಂದಿನ ಸೀಟಿನ ಮೇಲೆ ಬೆರಳಾಡಿಸಿ, ಅಂಟಿದ ಪುಡಿಯನ್ನು ಮೂಸಿದ.

"ಒಬ್ನೇ ಅಂದ್ಯಲ್ಲೋ. ಇವ್ನ್ಯಾರು, ಶೇಂಗಾ ಹಿಂಡಿ?"

ತಲೆ ತಗ್ಗಿಸಿ ಇದ್ದದ್ದು ಹೇಳಿದೆ.

"ಎಮ್ಮೆ ಹಾಲು ಕುಡ್ಯಕೆ ನಾಚ್ಕೆ ಇಲ್ಲ, ಹಿಂಡಿ ಹೊರಕೆ ನಾಚ್ಕೆ. ಹಲ್ಲು ಹೋಗಿದ್ದು ಕಮ್ಮಿ ಆಯ್ತು."

ಬಯ್ದರೂ ಎದ್ದುಹೋಗಲಿಲ್ಲ. ಸಂಜೆಯವರೆಗೂ ಕೂತು ಬಾಗಿದ ಹ್ಯಾಂಡಲ್ ನೆಟ್ಟಗೆ ಮಾಡಿದ. ಕತ್ತಲಾದಾಗ ಅವ್ವನನ್ನು ಕರೆದ. "ಅಕ್ಕ, ಬೀಗ ನಂಗೆ ಕೊಡ್ಬೇಡ, ನೀನೇ ತಿರುಗ್ಸು. ಆಮೇಲೆ ಮೂಟೆ ಜಾಗದಲ್ಲಿ ನೀನೇ ಕೂತ್ಕ."

ಅವ್ವ ಅದುವರೆಗೆ ಮೋಟಾರ್‌ಬೈಕ್ ಹತ್ತಿದವಳಲ್ಲ. "ಈ ವಯಸ್ನಾಗೆ ನನ್ನ ನಗೆಪಾಟ್ಲು ಮಾಡ್ಬೇಡ" ಎಂದಳು. ನಿಂಗಣ್ಣ ಬಿಡಲಿಲ್ಲ. ನಮ್ಮ ಮನೆಯ ಗೋಡೆಗೆ ಬೆಳಕು ಬಿಟ್ಟು, ಅವಳ ಭಾರಕ್ಕೆ ದೀಪ ಕೂರಿಸಿ ಹೇಳಿದ, "ಇವ್ನು ಬಿದ್ದ ಜಾಗಕ್ಕೆ ಹೋಗ್ಬನ್ನಿ. ಜಲ್ಲಿ ದೂರದಿಂದ್ಲೇ ಕಾಣ್ಲಿಲ್ಲ ಅಂದ್ರೆ ಬೀಗ ನಿನ್ ಸೆರಗ್ನಾಗೇ ಇರ್ಲಿ. ಇವ್ನು ಓದ್ಲಿ ಅಂತ ನಾನೂ ಕೇಳಕ್ ಬರಲ್ಲ."

ಹೊರಟೆವು. ಅವ್ವನ ಉಗುರು ನನ್ನ ಭುಜದಲ್ಲಿ ನಾಟಿತ್ತು. ರಾಶಿ ಇನ್ನೂ ಒಂದು ತೋಟದಷ್ಟು ದೂರವಿದೆ ಎನ್ನುವಾಗ ಅವಳೇ ತಟ್ಟಿದಳು. "ನಿಧಾನ ಕಣಪ್ಪ, ಅಗೋ ಕಲ್ಲು." ನನಗಿಂತ ಮೊದಲು ಅವಳಿಗೆ ಕಂಡಿತ್ತು. ಮನೆಗೆ ಬಂದವಳು ಬೀಗದಕೈಯನ್ನು ಗಾಡಿಯಲ್ಲೇ ಬಿಟ್ಟು ನಿಂಗಣ್ಣನಿಗೆ ಕಾಫಿ ಮಾಡಲು ಒಳಗೆ ಹೋದಳು.

ಬಿ.ಎ. ಆಯಿತು, ಬಿ.ಎಡ್. ಆಯಿತು, ಹಳೇಬೀಡಿನ ಒಂದು ಶಾಲೆಯಲ್ಲಿ ಮೇಷ್ಟ್ರಾದೆ. ಹೇಳದೆ ಕೇಳದೆ ಒಂದು ದಿನ ನಿಂಗಣ್ಣ ಅಲ್ಲಿಗೆ ಬಂದ. ಗ್ರೀಸಿನ ಕಲೆಯಿಲ್ಲದ ಬಿಳಿ ಅಂಗಿ. ಕೊನೆಯ ಬೆಂಚಿನಲ್ಲಿ ಕೂತು ಇಡೀ ಪಾಠ ಕೇಳಿದ. ಗಂಟೆ ಹೊಡೆದ ಮೇಲೆ ನಾನು ಒಂದು ಒಳ್ಳೆಯ ಮಾತಿಗೆ ಕಾದೆ.

"ಮುಂದಿನ ಎರಡು ಸಾಲಿಗೆ ಮಾತಾಡ್ತೀಯ ಕಣೋ ಮೇಷ್ಟ್ರೇ. ಹಿಂದ್ಲೋರು ಕಿಟಕಿ ನೋಡ್ತವ್ರೆ" ಎಂದು ನಾಲ್ಕು ಗಂಟೆಯ ಬಸ್ಸು ಹತ್ತಿದ.

ಆಮೇಲೆ ಅವನನ್ನು ನೋಡಲಿಲ್ಲ. ಆ ಬೇಸಿಗೆಯಲ್ಲೇ ಎದೆನೋವು ಬಂದು ಹೋದ. ನನಗೆ ಸುದ್ದಿ ತಲುಪುವ ಹೊತ್ತಿಗೆ ಮಣ್ಣಾಗಿತ್ತು. ಅವನು ಬಂದುಹೋದ ಮಾರನೆಯ ದಿನ ಅದೇ ಪಾಠವನ್ನು ಮೊದಲಿನಿಂದ ಮಾಡಿದ್ದೆ, ಕೊನೆಯ ಬೆಂಚಿನ ಪಕ್ಕದಲ್ಲಿ ನಿಂತು. ಈಗಲೂ ಪಾಠ ಶುರುಮಾಡುವುದು ಅಲ್ಲಿಂದಲೇ.