ಲಿಫ್ಟಣ್ಣ ಮೆಟ್ಟಿಲು ಹತ್ತಿದ್ದು

ಲಿಫ್ಟಣ್ಣ ತನ್ನ ಆಯುಷ್ಯದ ಬಹುಭಾಗವನ್ನು ಕಚೇರಿಗಳ ಕಟ್ಟಡವೊಂದರ ಲಿಫ್ಟಿನೊಳಗೆ, ಗೇಣಗಲದ ಸ್ಟೂಲಿನ ಮೇಲೆ ಕೂತು ಕಳೆದವನು. ಅವನಷ್ಟು ಸಲ ಆ ಕಟ್ಟಡದ ತುದಿಗೆ ಹೋದವರಿಲ್ಲ. ಕಾಲಿನಿಂದ ಹೋದದ್ದು ಮಾತ್ರ ಒಮ್ಮೆಯೂ ಇಲ್ಲ. ಕರೆಂಟು ಹೋದರೆ ಬರುವ ತನಕ ಕೆಳಗೇ ಕೂತು ಬೀಡಿ ಸೇದುತ್ತಿದ್ದ. "ಮೆಟ್ಟಿಲು ನಂಗೆ ದಾಯಾದಿ ಇದ್ದಂಗೆ. ಅದರ ಮುಖ ನೋಡಲ್ಲ," ಎನ್ನುತ್ತಿದ್ದ.

ಈಗ ಅವನ ಬಲ ಶ್ವಾಸಕೋಶದಲ್ಲಿ ಕ್ಯಾನ್ಸರ್ ಗಡ್ಡೆ ಇತ್ತು. ಬೇರೆಡೆಗೆ ಹರಡಿಲ್ಲ, ಆ ಭಾಗವನ್ನು ಕತ್ತರಿಸಿ ತೆಗೆದರೆ ವಾಸಿಯಾಗಬಹುದು ಎಂದಿದ್ದರು ಸರ್ಜನ್. ಆದರೆ ಊದುವ ಪರೀಕ್ಷೆಯಲ್ಲಿ ಅವನ ಉಸಿರು ಅತ್ತಲೂ ಅಲ್ಲ ಇತ್ತಲೂ ಅಲ್ಲ ಎಂಬಂತೆ ಬಂತು. ಉಳಿದ ಶ್ವಾಸಕೋಶ ಬದುಕಲು ಸಾಕಾದೀತೆ? ಆಸ್ಪತ್ರೆಯ ಮೆಟ್ಟಿಲನ್ನು ತುದಿಯ ತನಕ ಹತ್ತಿಸಿ ನೋಡಬೇಕೆಂದರು. ಹತ್ತಿದರೆ ಆಪರೇಷನ್. ಇಲ್ಲವಾದರೆ ಬೇರೆ ಚಿಕಿತ್ಸೆ. ಅವನ ಗಡ್ಡೆಗೆ ಅದರಿಂದ ಗುಣ ಕಾಣುವ ಆಸೆ ಕಡಿಮೆ.

ಅವನ ಕಟ್ಟಡದಲ್ಲಿ ಕಚೇರಿಯಿದ್ದ ವಕೀಲರೊಬ್ಬರು ನಕ್ಕರು: "ಕೊನೆಗೂ ದಾಯಾದಿ ಕಾಲಿಗೇ ಬೀಳೋ ಹಾಗಾಯ್ತಲ್ಲೋ!" ಲಿಫ್ಟಣ್ಣನೂ ನಕ್ಕ.

ಮೆಟ್ಟಿಲ ಬುಡದಲ್ಲಿ ಫಿಸಿಯೋ ಮೇಡಂ ಅವನ ಬೆರಳಿಗೆ ಆಕ್ಸಿಜನ್ ಅಳೆಯುವ ಕ್ಲಿಪ್ಪು ಸಿಕ್ಕಿಸಿದರು. ಹೆಂಡತಿಯೂ ಜೊತೆಗೆ ಹತ್ತಲು ಹೊರಟಾಗ, "ನೀವು ಬೇಡಮ್ಮ, ಮಾತಾಡಿ ಉಸಿರು ಖರ್ಚು ಮಾಡ್ಕೋತಾರೆ," ಎಂದರು.

"ನನ್ನ ಜೊತೆ ಇವರು ಮಾತಾಡೋದಾ? ಆ ಭಯ ಬೇಡ ಮೇಡಂ," ಎಂದು ಅವಳು ಸೆರಗು ಸಿಕ್ಕಿಸಿಕೊಂಡಳು.

ಮೊದಲ ಮಹಡಿ ಹೇಗೋ ಕಳೆಯಿತು. ಎರಡನೆಯದರಲ್ಲಿ ತೊಡೆ ಕಲ್ಲಾಯಿತು. ಮೂರನೆಯ ಮಹಡಿಯಲ್ಲಿ, ಆಪರೇಷನ್ ಆದವನೊಬ್ಬನನ್ನು ತಳ್ಳುಗಾಡಿಯಲ್ಲಿ ಒಯ್ಯುತ್ತಿದ್ದರು. ಅವನ ಪಕ್ಕೆಯಿಂದ ಹೊರಟ ಕೊಳವೆ ಬಾಟಲಿಯೊಂದಕ್ಕೆ ಇಳಿದಿತ್ತು. ಕೊಳವೆಯಲ್ಲಿ ಕೆಂಪು ನೀರು ಅವನ ಉಸಿರಿನೊಡನೆ ಏರಿ ಇಳಿಯುತ್ತಿತ್ತು. ಲಿಫ್ಟಣ್ಣ ಕಂಬಿ ಹಿಡಿದು ನಿಂತುಬಿಟ್ಟ.

ಆಗ ಹೊಳೆಯಿತು: ಇಲ್ಲೇ ಕುಸಿದು ಕೂತರೆ ಸಾಕು. ಯಾರೂ ಹೇಡಿ ಎನ್ನುವುದಿಲ್ಲ. ಪಕ್ಕೆ ಸೀಳುವ ಕತ್ತಿಯಿಂದ ಪಾರು.

"ಉಸಿರೇ ಸಾಲ್ತಿಲ್ಲ ಮೇಡಂ, ಇನ್ನೊಂದು ಮೆಟ್ಟಿಲೂ ಆಗಲ್ಲ, ದಯವಿಟ್ಟು ಇಲ್ಲಿಗೇ ಬಿಟ್ಟುಬಿಡಿ."

ಮೇಡಂ ಕ್ಲಿಪ್ಪು ನೋಡಿದರು, ಅವನ ಮುಖ ನೋಡಿದರು. "ಉಸಿರು ಸಾಲದವರು ಇಷ್ಟುದ್ದ ಮಾತಾಡಲ್ಲ ಯಜಮಾನ್ರೇ. ಬಲವಂತ ಇಲ್ಲ, ಬೇಕಾದ್ರೆ ಇಳೀರಿ. ಆದ್ರೆ ಉಸಿರು ಸಾಲಲಿಲ್ಲ ಅಂತ ನಾನು ಬರೆಯಲ್ಲ."

ಹೆಂಡತಿ ಏದುತ್ತ ಕೆಳಗಿನ ಮೆಟ್ಟಿಲಲ್ಲಿ ನಿಂತಿದ್ದಳು. "ಹೆದರಿಕೆನಾ?"

ಅವನು ಹೌದೆಂದು ತಲೆಯಾಡಿಸಿದ.

"ನಂಗೂನು. ಇಳಿದುಬಿಟ್ರೆ ಹೋಗತ್ತೇನ್ರೀ ಅದು?"

ಹೋಗುವುದಿಲ್ಲವೆಂದು ಅವನಿಗೂ ಗೊತ್ತಿತ್ತು. ಕಂಬಿ ಬಿಟ್ಟ. ಆಮೇಲಿನ ಮೆಟ್ಟಿಲುಗಳಲ್ಲಿ ಉಸಿರು ನಿಜಕ್ಕೂ ಕಿತ್ತುಕೊಂಡು ಬಂತು. ಆದರೂ ಮೇಲಿನ ಬಾಗಿಲು ಮುಟ್ಟಿದ.

"ಪಾಸ್," ಎಂದರು ಮೇಡಂ. "ಸೋಮವಾರಕ್ಕೆ ಆಪರೇಷನ್ ಇಟ್ಕೊಂಡಿದಾರೆ ಸರ್ಜನ್."

ಕತ್ತಿಯಿಂದ ತಪ್ಪಿಸಿಕೊಳ್ಳಲು ಇದ್ದ ಒಂದೇ ದಾರಿಯನ್ನು ತನ್ನ ಕಾಲಿನಿಂದಲೇ ಮುಚ್ಚಿ ಬಂದಿದ್ದ. ಉತ್ತರ ಕೊಡಲು ಈಗ ನಿಜವಾಗಿಯೂ ಉಸಿರಿರಲಿಲ್ಲ. ಮೊಣಕಾಲುಗಳನ್ನು ಮಡಿಸಿ ನೆಲದ ಮೇಲೆ ಕೂತ. ಹೆಂಡತಿಯೂ ಪಕ್ಕದಲ್ಲಿ ಕೂತಳು.