ನಂಜಿಲ್ಲದ ಕೆಂಪು ಚುಕ್ಕೆಗಳು

ದೊಡ್ಡಮ್ಮನ ಗೋಧಿಬಣ್ಣದ ಬೆನ್ನಿನ ತುಂಬ ಸಾಸಿವೆ ಕಾಳಿನಷ್ಟು ಸಣ್ಣ, ಕಡುಗೆಂಪು ಚುಕ್ಕೆಗಳು ಎದ್ದಿದ್ದವು. ನೋವಿಲ್ಲ, ಕಡಿತವಿಲ್ಲ. ಶುಕ್ರವಾರದ ಎಣ್ಣೆಸ್ನಾನಕ್ಕೆ ಅವಳು ಬಚ್ಚಲಮನೆಯ ಮಣೆಯ ಮೇಲೆ ಕೂತರೆ, ನಾನು ಒಂದೊಂದು ಚುಕ್ಕೆಯನ್ನೂ ತಪ್ಪಿಸಿ ಸುತ್ತಲೂ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದೆ. ಒಡೆದು ರಕ್ತ ಬಂದರೆ ಗತಿಯೇನು ಎಂದು ಜೀವ ಕೈಯಲ್ಲಿ ಹಿಡಿದಿರುತ್ತಿದ್ದೆ.

ಅವಳು ನನ್ನ ಅಮ್ಮನ ಅಕ್ಕ. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಅರಸೀಕೆರೆಗೆ ಕರೆತಂದು ಸಾಕಿದವಳು. ಬಾಯಿ ಜೋರು, ಕೈ ಧಾರಾಳ. ನನಗೆ ಜ್ವರ ಬಂದರೆ ತಾನು ಊಟ ಬಿಡುತ್ತಿದ್ದಳು. "ಹೆತ್ತೋರಿಗಿಂತ ಸಾಕಿದೋರ ಋಣ ದೊಡ್ದು ಕಣೇ" ಎನ್ನುವುದು ಅವಳ ಮಾತು. ಕೊಬ್ಬರಿ ವ್ಯಾಪಾರಿಯಾಗಿದ್ದ ದೊಡ್ಡಪ್ಪ ಹೋದ ಮೇಲೆ ಆ ಮನೆಯಲ್ಲಿ ನಾವಿಬ್ಬರೇ.

ನನಗೆ ಬೇಲೂರಿನ ಶಾಲೆಯೊಂದರಲ್ಲಿ ಟೀಚರ್ ಕೆಲಸ ಸಿಕ್ಕ ವರ್ಷವೇ ಆ ಚುಕ್ಕೆಗಳು ಕಾಣಿಸಿಕೊಂಡವು. ಒಬ್ಬಳೇ ಹಾಸನಕ್ಕೆ ಹೋಗಿ ಡಾಕ್ಟರಿಗೆ ತೋರಿಸಿಕೊಂಡು ಬಂದವಳು ಸೆರಗಿನಲ್ಲಿ ಮುಖ ಒರೆಸಿಕೊಂಡಳು.

"ರಕ್ತ ಕೆಟ್ಟೋಗೈತಂತೆ ಕಣವ್ವಾ. ಇನ್ನೆಷ್ಟು ದಿನಾನೋ. ನೀನು ಹೋಗು, ನನ್ ಪಾಡು ನಂದು."

ಹಾಗೆಂದ ಮೇಲೆ ಯಾರಿಗೆ ಹೋಗುವ ಮನಸ್ಸು ಬಂದೀತು? ಕೆಲಸಕ್ಕೆ ಸೇರದೆಯೇ ಬಿಟ್ಟೆ. ಬಂದ ಸಂಬಂಧಗಳನ್ನೂ ಬಿಟ್ಟೆ. ನಂಜೆಂದು ಬದನೆಕಾಯಿಯನ್ನು ಮನೆಯ ಹೊಸಿಲು ದಾಟಿಸಲಿಲ್ಲ. ಶ್ರಾವಣದಲ್ಲಿ ಮಾಲೇಕಲ್ಲು ಬೆಟ್ಟದ ದೇವಸ್ಥಾನದ ಮೆಟ್ಟಿಲು ಹತ್ತಿ ಅವಳ ಆಯಸ್ಸು ಬೇಡಿಕೊಂಡೆ. ಆಯಸ್ಸೇನೋ ಗಟ್ಟಿಯಾಗಿಯೇ ಇತ್ತು.

ಐವತ್ತರ ಹತ್ತಿರ ಬಂದಾಗ ನನ್ನ ಹೊಟ್ಟೆಯ ಮೇಲೂ ಅಂಥದೇ ಚುಕ್ಕೆಗಳು ಎದ್ದವು. ಅವಳಿಗೆ ಹೇಳದೆ ಚರ್ಮದ ಡಾಕ್ಟರ ಬಳಿ ಓಡಿದೆ. ಆಕೆ ನೋಡಿ ನಕ್ಕುಬಿಟ್ಟರು.

"ರೋಗ ಅಲ್ಲ ಕಣ್ರೀ ಇದು. ಸಣ್ಣ ರಕ್ತನಾಳಗಳು ಒಂದ್ಕಡೆ ಗುಂಪಾಗಿ ಹೀಗೆ ಕಾಣ್ತವೆ. ವಯಸ್ಸಾಗ್ತಾ ಬಹಳ ಜನಕ್ಕೆ ಬರುತ್ತೆ. ಚಿವುಟಬೇಡಿ, ಅಷ್ಟೇ. ಬಣ್ಣ ಬದಲಾದ್ರೆ, ಸುಮ್ಸುಮ್ನೆ ರಕ್ತ ಬಂದ್ರೆ ಮಾತ್ರ ಬಂದು ತೋರಿಸಿ."

ದೊಡ್ಡಮ್ಮನ ವಿಷಯ ಹೇಳಿದೆ. "ಅವರದೂ ಇದೇ ಇರ್ಬೇಕು, ಕರ್ಕೊಂಡು ಬನ್ನಿ" ಎಂದರು.

ಆಟೋದಲ್ಲಿ ಬರುವಾಗ ಖುಷಿಗೆ ಕಣ್ಣು ತುಂಬಿ ಬರುತ್ತಿತ್ತು. ದೊಡ್ಡಮ್ಮ ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಒಂದೇ ಉಸಿರಿಗೆ ಎಲ್ಲ ಹೇಳಿದೆ.

ಅವಳು ತಲೆಯನ್ನೂ ಎತ್ತಲಿಲ್ಲ. "ನಂಗೊತ್ತು ಕಣೇ. ಹಾಸನದ ಡಾಕ್ಟ್ರೂ ಅವತ್ತು ಇದನ್ನೇ ಹೇಳಿದ್ರು."

"ಮತ್ತೆ ನಂಗ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀನು ಬೇಲೂರಿಗೆ ಹೊಂಟೋಗ್ತಿದ್ದೆ. ನಾನೊಬ್ಳೇ ಗೋಡೆ ನೋಡ್ಕಂಡು ಕೂತಿರ್ಬೇಕಿತ್ತಾ?" ಸಿಪ್ಪೆಯನ್ನು ಒಟ್ಟುಮಾಡುತ್ತಾ ಮತ್ತೆ ಅಂದಳು, "ಹೆಂಗೂ ಗೊತ್ತಾಯ್ತಲ್ಲ, ನಾಳೆ ಬದನೆಕಾಯಿ ಎಣ್ಣೆಗಾಯಿ ಮಾಡು. ನಾಲಿಗೆ ಸತ್ತೋಗೈತೆ."

ಅಯ್ಯೋ, ನಂಬಿಸಿ ಕುತ್ತಿಗೆ ಕೊಯ್ಯುವುದೆಂದರೆ ಇದೇ ಅಲ್ಲವೇ! ಒಂದು ಸುಳ್ಳನ್ನು ಕಾಪಾಡಲು, ತನಗೆ ಪ್ರಾಣವಾಗಿದ್ದ ಬದನೆಕಾಯಿಯನ್ನೇ ಇಷ್ಟು ವರ್ಷ ಬಿಟ್ಟಿದ್ದಳಲ್ಲ ಮಹಾತಾಯಿ. ಕೂಗಾಡಿದೆ, ರಾತ್ರಿ ಊಟ ಬಿಟ್ಟೆ. ಮಾರನೆಯ ದಿನ ಎಣ್ಣೆಗಾಯಿಯನ್ನೂ ಮಾಡಿದೆ. ಅವಳು ಬೆರಳು ನೆಕ್ಕಿಕೊಂಡು ತಿಂದಳು. ನಾನು ಮುಟ್ಟಲಿಲ್ಲ.

ಕಳೆದ ವರ್ಷ ನಿದ್ದೆಯಲ್ಲೇ ಹೋದಳು. ಎದೆ ಬಡಿದುಕೊಂಡು ಅಳುತ್ತಿದ್ದ ನನ್ನನ್ನು ಕಂಡು ನೆಂಟರು, "ಹೊಟ್ಟೇಲಿ ಹುಟ್ಟಿದ ಮಕ್ಕಳೂ ಹಿಂಗೆ ಅಳಲ್ಲ ಕಣ್ರೀ" ಎಂದರು. ಅವರಿಗೇನು ಗೊತ್ತು? ನಾನು ಅಳುತ್ತಿದ್ದುದು, ಬೇಲೂರಿನ ಮಕ್ಕಳಿಗೆ ಒಂದು ದಿನವೂ ಪಾಠ ಹೇಳದೆ ಮುದುಕಿಯಾಗಿಬಿಟ್ಟ ಟೀಚರಮ್ಮನಿಗಾಗಿ.